ಗದ್ದದ ಕೆಳಗಿನ ಮುಷ್ಟಿ

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮುಚ್ಚಿಡಬೇಕೆಂದಲ್ಲ. ರೇಶನ್ ಕಾರ್ಡಿನಲ್ಲಿ ಒಂದು ಹೆಸರಿತ್ತು, ಆಧಾರ್ ಕಾರ್ಡಿನಲ್ಲಿ ಅದೇ ತುಸು ಬೇರೆಯಾಗಿತ್ತು, ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು ಇನ್ನೊಂದಿತ್ತು. ಯಾವುದನ್ನೂ ಅವಳು ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವಳ ನಿಜವಾದ ಹೆಸರೆಂದರೆ ತೋರುಬೆರಳಿನಿಂದ ಎಡಹುಬ್ಬಿನ ಮೇಲೆ ಅಡ್ಡಕ್ಕೆ ಒಂದು ಗೀರು. ಸಣ್ಣವಳಿದ್ದಾಗ ಕುರಿಹಟ್ಟಿಯ ಬೇಲಿಮುಳ್ಳು ಗೀರಿ ಅಲ್ಲಿ ಕಲೆ ಉಳಿದಿತ್ತು. ಸೊಲ್ಲಾಪುರದಿಂದ ಹುಬ್ಬಳ್ಳಿಯವರೆಗೆ ಅವಳ ಪರಿಚಯದ ಕಿವುಡರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಅದನ್ನು ಯಾವ ಅಕ್ಷರದಲ್ಲಿ ಬರೆಯಲಿ ಹೇಳಿ?

ಹೋದ ತಿಂಗಳು ಅವಳು ತೀರಿಕೊಂಡಳು. ಅಂದಿನಿಂದ ನನಗೆ ಒಂದು ಸಿಟ್ಟು ಇಳಿಯದೆ ಕೂತಿದೆ. ಓಣಿಯ ಹೆಂಗಸರು ಗಿರಣಿಗೆ ಬಂದು, "ಪಾಪ, ಮೂಕ ದನದಂಗ ಇದ್ಲರಿ, ಯಾರಿಗೂ ಒಂದ ಮಾತ ಅಂದಾಕಿ ಅಲ್ಲ" ಎನ್ನುತ್ತಾರೆ. ಅಯ್ಯೋ, ನಿಮ್ಮ ತಲೆ! ಅವಳು ಅಂದ ಮಾತು ನಿಮಗೆ ತಿಳಿದಿದ್ದರೆ ನೀವು ಈ ಓಣಿ ಬಿಟ್ಟು ಓಡಿಹೋಗುತ್ತಿದ್ದಿರಿ. ಅವಳ ಬಾಯಲ್ಲಿ, ಅಂದರೆ ಕೈಯಲ್ಲಿ, ಬೈಸಿಕೊಳ್ಳದವರು ಮಿರಜಿನಲ್ಲಿ ಯಾರೂ ಇರಲಿಲ್ಲ.

ನಾನು ಅಥಣಿ ಕಡೆಯ ಜೈನರ ಮನೆಯ ಮಗಳು. ಮದುವೆಯಾಗಿ ಮಿರಜಿಗೆ ಬಂದೆ. ಗಂಡನ ಮನೆಯದು ಹಿಟ್ಟಿನ ಗಿರಣಿ. ಹಿತ್ತಲ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದೆವು. ಕುಪವಾಡದ ಕಾರಖಾನೆಯಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡುವ ಒಬ್ಬ ಹುಡುಗ ಅಲ್ಲಿದ್ದ. ಖಂಡೇರಾಜುರಿಯವನು, ಹುಟ್ಟುಕಿವುಡ. ಅವನು ಕಟ್ಟಿಕೊಂಡು ಬಂದ ಹೆಂಡತಿಯೇ ಇವಳು. ಗಡಿಯ ಒಂದು ಹಳ್ಳಿಯಲ್ಲಿ ಕುರಿ ಸಾಕುವವರ ಮಗಳು.

ಬಂದ ಮರುದಿನ ಬೆಳಗ್ಗೆ ಜೋಳದ ಡಬ್ಬಿ ಹಿಡಿದು ಗಿರಣಿಯ ಬಾಗಿಲಿಗೆ ಬಂದು ನಿಂತಳು. ಗಿರಣಿ ಓಡುತ್ತಿದ್ದಾಗ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಬಿಟ್ಟರೂ ಕೇಳಿಸುವುದಿಲ್ಲ. ಜೋಳವೋ ಗೋಧಿಯೋ, ಸಣ್ಣಗೋ ದಪ್ಪಗೋ, ಯಾರ ಪಾಳಿ, ಯಾರದು ಅವಸರ, ಎಲ್ಲ ಕೈಯಲ್ಲೇ. ಸಣ್ಣ ಹಿಟ್ಟು ಬೇಕಾದರೆ ಬೆರಳ ತುದಿಗಳನ್ನು ಉಜ್ಜಿ ತೋರಿಸಬೇಕು. ಡಬ್ಬಿ ಹಿಡಿದ ಹೆಂಗಸರೆಲ್ಲ ಕೈಯಾಡಿಸಿ ನಗುತ್ತ, ಜಗಳಾಡುತ್ತ ನಿಂತದ್ದನ್ನು ಅವಳು ಕಣ್ಣು ಬಿಟ್ಟು ನೋಡಿದಳು. ಅವಳ ಮುಖ ಅರಳಿದ ರೀತಿ ನನಗಿನ್ನೂ ನೆನಪಿದೆ. ನಾವೆಲ್ಲ ಕಿವುಡರೇ ಎಂದುಕೊಂಡಿದ್ದಳಂತೆ! ಗಂಡ ತನ್ನನ್ನು ಕಿವುಡರ ಓಣಿಗೇ ಕರೆತಂದಿದ್ದಾನೆ ಎಂದುಕೊಂಡಿದ್ದಳಂತೆ. ಅಷ್ಟರಲ್ಲಿ ಕರೆಂಟು ಹೋಯಿತು, ಗಿರಣಿ ನಿಂತಿತು. ಎಲ್ಲರ ಕೈ ಕೆಳಗಿಳಿದು ಬಾಯಿ ಸುರುವಾದವು. ಅವಳ ಮುಖ ಸಪ್ಪಗಾಯಿತು. ಡಬ್ಬಿಯನ್ನು ಅಲ್ಲೇ ಇಟ್ಟು ಹೊರಟುಹೋದಳು.

ಹಿಟ್ಟು ಕೊಡುವ ನೆಪದಲ್ಲಿ ಸಂಜೆ ನಾನೇ ಹಿತ್ತಲಿಗೆ ಹೋದೆ. ನಮ್ಮ ಸ್ನೇಹ ಅಲ್ಲಿಂದ ಸುರುವಾಯಿತು. ಅವಳ ಕೈಮಾತನ್ನು ವರ್ಷ ಒಪ್ಪತ್ತಿನಲ್ಲಿ ಕಲಿತೆ. ತಪ್ಪಿದಾಗಲೆಲ್ಲ ನನ್ನ ಕೈಗೆ ಚಟ್ಟನೆ ಏಟು ಕೊಟ್ಟು ತಿದ್ದುತ್ತಿದ್ದಳು. ಮುಂದೆ ಬರುವ ಅವಳ ಮಾತೆಲ್ಲ ಕೈಯದು, ನನ್ನ ನಾಲಗೆಗೆ ಬಂದಂತೆ ಬರೆಯುತ್ತಿದ್ದೇನೆ.

ಎಲ್ಲರಿಗೂ ಅವಳದೊಂದು ಹೆಸರಿತ್ತು. ನೀರು ಬಿಡುವ ಮನುಷ್ಯನಿಗೆ ಮೂಗಿನೊಳಗೆ ಬೆರಳು. ನನ್ನ ಗಂಡನಿಗೆ ಹೊಟ್ಟೆ ಕೆರೆತ. ಜಪಮಣಿ ಹಿಡಿದು ತೂಕಡಿಸುವ ನನ್ನ ಅತ್ತೆಗೆ ಮಣಿ ಎಣಿಸುತ್ತ ತಲೆ ಮುಂದಕ್ಕೆ ಬೀಳುವುದು. ನನ್ನ ಹೆಸರೇನೆಂದು ಕೇಳಿದೆ. ಐದೂ ಬೆರಳನ್ನು ಬಾಯಿಯ ಮುಂದೆ ಹಿಡಿದು ಬಾತುಕೋಳಿಯ ಕೊಕ್ಕಿನ ಹಾಗೆ ಪಟಪಟ ಬಡಿದು ತೋರಿಸಿದಳು. ನನ್ನ ದನಿಯನ್ನು ಒಂದು ದಿನವೂ ಕೇಳದವಳು! ನನಗೆ ಸಿಟ್ಟು ಬಂತು. "ಖರೇ ಅಲ್ಲೇನು?" ಎಂದು ಹುಬ್ಬು ಹಾರಿಸಿದಳು. ಖರೇನೇ, ಏನು ಮಾಡುವುದು?

ಒಮ್ಮೆ ಸಂತೆಯಲ್ಲಿ ಕಾಯಿಪಲ್ಯದವನೊಬ್ಬ ಹುಳುಕು ಬದನೆಕಾಯಿ ಕೊಟ್ಟ. ಮೂಕಿ, ಏನು ಅಂದಾಳು ಎಂದುಕೊಂಡಿರಬೇಕು. ಅವಳು ಅವನದೇ ಇಳಿಗೆಮಣೆ ಎಳೆದುಕೊಂಡು, ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಬದನೆಕಾಯಿ ಹೆಚ್ಚಿ, ಒಳಗಿನ ಹುಳವನ್ನು ಎತ್ತಿ ಅವನ ತಕ್ಕಡಿಯಲ್ಲಿ ಇಟ್ಟಳು. ಗಿರಾಕಿಗಳು ನಕ್ಕರು. ಅವನು ಮತ್ತೆ ಆ ಆಟ ಆಡಲಿಲ್ಲ.

ರಾತ್ರಿ ಕರೆಂಟು ಹೋದರೆ ಅವಳ ಮಾತೂ ನಿಂತಂತೆ. ಅದಕ್ಕೇ ಸೊಂಟದಲ್ಲಿ ಯಾವಾಗಲೂ ಬ್ಯಾಟರಿ ಸಿಕ್ಕಿಸಿಕೊಂಡಿರುತ್ತಿದ್ದಳು. ಜಗಳ ಅರ್ಧಕ್ಕೆ ನಿಂತರೆ ಬ್ಯಾಟರಿಯನ್ನು ಬಗಲಲ್ಲಿ ಒತ್ತಿಕೊಂಡು, ತನ್ನ ಕೈಗಳ ಮೇಲೆ ಬೆಳಕು ಬೀಳಿಸಿ ಉಳಿದರ್ಧ ಮುಗಿಸುತ್ತಿದ್ದಳು. ಗಂಡ ಉತ್ತರ ಕೊಡಬಾರದೆಂದು ಬೆಳಕನ್ನು ಅವನ ಕೈ ಮೇಲೆ ಮಾತ್ರ ಬಿಡುತ್ತಿರಲಿಲ್ಲ.

ಅವಳು ನಗದೆ ಹೇಳಿದ ಕಥೆಯೆಂದರೆ ಶಾಲೆಯದು. ಸಣ್ಣವಳಿದ್ದಾಗಲೇ ದೂರದ ಊರಿನ ಕಿವುಡರ ಶಾಲೆಗೆ ಹಾಕಿದ್ದರು. ಅಲ್ಲಿ ಕೈ ಎತ್ತಿದರೆ ಪಟ್ಟಿಯ ಏಟು. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತು, ಗುರುಗಳ ತುಟಿ ನೋಡಿ ಮಾತು ಕಲಿಯಬೇಕು. ಅದೂ ಮರಾಠಿ ಮಾತು. ವರ್ಷಗಟ್ಟಲೆ ಗಂಟಲು ಹರಿದುಕೊಂಡು ಹತ್ತಾರು ಶಬ್ದ ಕಲಿತು ಹಳ್ಳಿಗೆ ಬಂದಳು. ಹೆತ್ತವ್ವ ಕನ್ನಡದವಳು, ಮರಾಠಿಯ ಗಂಧವಿಲ್ಲ. ಮಗಳು ಗಂಟಲಿನಿಂದ ತೆಗೆದ ಶಬ್ದ ಅವ್ವನಿಗೆ ತಿಳಿಯಲಿಲ್ಲ, ಅವ್ವನ ತುಟಿ ಮಗಳಿಗೆ ತಿಳಿಯಲಿಲ್ಲ. "ಅವ್ವಾ ಅತ್ಲು. ನಾ ಗೋಡಿಗೆ ಹೊಡಕೊಂಡೆ. ಅಲ್ಲಿ ಕೈ ಕಟ್ಟಿದ್ರು, ಇಲ್ಲಿ ಬಾಯಿನೂ ಹೋತು" ಎಂದಳು. ಆ ಶಾಲೆಯಲ್ಲಿ ಅವಳು ನಿಜವಾಗಿ ಕಲಿತದ್ದು ರಾತ್ರಿ ಹಾಸಿಗೆಯಲ್ಲಿ ಹುಡುಗಿಯರು ಕದ್ದು ಆಡುತ್ತಿದ್ದ ಕೈಮಾತು. ಅದನ್ನು ಯಾವ ಗುರುವೂ ಕಲಿಸಿದ್ದಲ್ಲ.

ಆ ಕೈಮಾತಿನ ಊರು ಯಾವುದೆಂದರೆ ಮಿರಜ ಸ್ಟೇಶನ್ನು. ರವಿವಾರ ಮಧ್ಯಾಹ್ನ ಪ್ಲಾಟ್‌ಫಾರ್ಮಿನ ಕೊನೆಗೆ, ಬೇವಿನ ಮರದ ಕಟ್ಟೆಯ ಮೇಲೆ ಕಿವುಡರು ಸೇರುತ್ತಿದ್ದರು. ಬೆಳಗಾವಿ, ಕೊಲ್ಲಾಪುರ, ಪಂಢರಪುರ, ಎಲ್ಲ ಕಡೆಯ ಗಾಡಿ ಅಲ್ಲಿ ನಿಲ್ಲುತ್ತದಲ್ಲ. ಒಬ್ಬರ ಮನೆಯಲ್ಲಿ ಮರಾಠಿ, ಒಬ್ಬರದು ಕನ್ನಡ, ಸೊಲ್ಲಾಪುರದವರ ಮನೆಯಲ್ಲಿ ತೆಲುಗು, ನಮ್ಮ ಮಿರಜಿನ ಹುಡುಗರದು ಉರ್ದು. ಮನೆಯಲ್ಲಿ ಅನ್ನ ಬೇಡಲೂ ತಿಣುಕುವವರು ಇಲ್ಲಿ ರಾಜಕೀಯ ಮಾತಾಡುತ್ತಿದ್ದರು. ಕೆಲವು ಸನ್ನೆ ಊರಿಂದ ಊರಿಗೆ ಬೇರೆ. ಹುಬ್ಬಳ್ಳಿಯವನು ಹೀಗೆ ಅಂದರೆ ಕೊಲ್ಲಾಪುರದವಳು ಹಾಗಲ್ಲ ಎನ್ನುವಳು, ನಕ್ಕು ಎರಡನ್ನೂ ಇಟ್ಟುಕೊಳ್ಳುವರು. ಗಡಿಯ ಗಲಾಟೆಯಾಗಿ ಬಸ್ಸು ನಿಂತ ರವಿವಾರವೂ ಅವರು ರೈಲು ಹಿಡಿದು ಬಂದಿದ್ದರು. ಮಾತು ಬರುವವರು ಅತ್ತ ಒಬ್ಬರ ಬೋರ್ಡಿಗೆ ಒಬ್ಬರು ಮಸಿ ಬಳಿಯುತ್ತಿದ್ದರು. ಅದನ್ನು ಅವಳು ಅಭಿನಯಿಸಿ ತೋರಿಸಿ ಕಟ್ಟೆಯವರನ್ನೆಲ್ಲ ನಗಿಸಿದ್ದಳು.

ಮದುವೆಯಾಗಿ ಕೆಲವು ವರ್ಷದ ಮೇಲೆ ಅವಳಿಗೆ ಹೆಣ್ಣು ಹುಟ್ಟಿತು. ಕೂಸಿಗೆ ಕಿವಿ ಕೇಳುತ್ತಿತ್ತು. ಖಂಡೇರಾಜುರಿಯಿಂದ ಅವಳ ಅತ್ತೆ ಬಂದು ತೊಟ್ಟಿಲು ಕಟ್ಟಿ, ಕೂಸಿನ ಕಿವಿಯಲ್ಲಿ ಒಂದು ಚಂದದ ಹೆಸರು ಕೂಗಿ ಹೋದಳು. ಅದು ಬಾಯಿಯ ಹೆಸರು. ಮುಂದಿನ ರವಿವಾರ ಇವಳು ಕೂಸನ್ನೆತ್ತಿಕೊಂಡು ಸ್ಟೇಶನ್ನಿಗೆ ಹೊರಟಳು, ನಾನೂ ಹೋದೆ. ಅವರಲ್ಲಿ ಹೆಸರನ್ನು ತಾಯಿತಂದೆ ಮೊದಲೇ ಯೋಚಿಸಿ ಇಡುವಂತಿಲ್ಲ. ಕೂಸನ್ನು ನಡುವೆ ಮಲಗಿಸಿ ಎಲ್ಲರೂ ನೋಡುತ್ತ ಕೂರಬೇಕು. ಅದು ತಾನಾಗಿ ಏನು ಮಾಡುತ್ತದೋ ಅದರಿಂದ ಹೆಸರು ಹುಟ್ಟಬೇಕು. ಗಾಡಿ ಬಂದವು, ಹೋದವು. ಕೂಸು ತನ್ನ ಪುಟ್ಟ ಮುಷ್ಟಿಯನ್ನು ಗದ್ದದ ಕೆಳಗೆ ಒತ್ತಿಕೊಂಡು, ದೊಡ್ಡ ವಿಚಾರದಲ್ಲಿರುವವರ ಹಾಗೆ ನಿದ್ದೆ ಹೋಯಿತು. ಮೊದಲು ಕಂಡವಳು ಬೆಳಗಾವಿಯ ಒಬ್ಬ ಮುದುಕಿ. ತನ್ನ ಮುಷ್ಟಿಯನ್ನು ಗದ್ದದ ಕೆಳಗೆ ಎರಡು ಸಲ ತಟ್ಟಿದಳು. ಕಟ್ಟೆಯ ಮೇಲಿದ್ದವರೆಲ್ಲ ಅದನ್ನೇ ಮಾಡಿ ನೋಡಿದರು. ಹೆಸರು ನಿಂತಿತು. ಅಂದು ಸಂಜೆ ಹೊರಟ ಗಾಡಿಗಳಲ್ಲಿ ಆ ಹೆಸರೂ ಊರೂರಿಗೆ ಹೋಯಿತು.

ಅವಳಷ್ಟು ಚೆನ್ನಾಗಿ ಕೂಸು ಸಾಕಿದವರನ್ನು ನಾನು ನೋಡಿಲ್ಲ. ಮಲಗುವಾಗ ತನ್ನ ಕೈಗೂ ಕೂಸಿನ ಕಾಲಿಗೂ ಮೆತ್ತನೆಯ ದಾರ ಕಟ್ಟಿಕೊಳ್ಳುವಳು, ಅದು ಕಾಲು ಝಾಡಿಸಿದರೆ ಎದ್ದು ಕೂರುವಳು. ವರ್ಷ ತುಂಬುವ ಮೊದಲೇ ಕೂಸು ಬೆರಳು ಮಡಿಸಿ ಹಾಲು ಕೇಳುತ್ತಿತ್ತು, ಕಾಗೆ ತೋರಿಸುತ್ತಿತ್ತು, ಸಾಕು ಎನ್ನುತ್ತಿತ್ತು. ನನ್ನನ್ನು ಕಂಡರೆ ಬಾಯಿಯ ಮುಂದೆ ಐದು ಬೆರಳು ಬಡಿಯುತ್ತಿತ್ತು, ಭಾಡಖಾವ್ ಪೋರಿ! ಓಣಿಯ ಬೇರೆ ಕೂಸುಗಳು ಆಗಿನ್ನೂ ಬರೇ ಅಳುತ್ತಿದ್ದವು.

ಅದನ್ನೇ ಅತ್ತೆ ನೋಡಿದಳು. ನೋಡಿ ಎದೆ ಬಡಿದುಕೊಂಡಳು.

"ಪೋರಿ ಮೂಕಿ ಆಗಾಕತ್ತಾಳ! ಇಲ್ಲಿ ಬಿಟ್ರ ಕೆಟ್ಟ ಹೋಗತಾಳ. ಮಾತ ಬರೂತನಕಾ ನಾ ಒಯ್ಯತೀನಿ" ಎಂದಳು. ಹಿಂದೆ ನಿಂತಿದ್ದ ಅತ್ತೆಯ ದೊಡ್ಡ ಮಗ, ಅಂದರೆ ಇವಳ ಭಾವ, ತಲೆಯಾಡಿಸಿದ. ಯಾವನೋ ಡಾಕ್ಟರೂ ಹಾಗೇ ಹೇಳಿದ್ದನಂತೆ.

ಗಿರಣಿ ನಿಲ್ಲಿಸಿ ನಾನು ಹಿತ್ತಲಿಗೆ ಹೋದೆ. "ಮಾವಶಿ, ಕೂಸಿಗೆ ಕಿವಿ ಚಲೋ ಕೇಳತಾವ್ರಿ. ಓಣಿತುಂಬ ಮಾತ ಐತಿ. ನನ್ನ ಬಾಯಿ ಹಗಲೆಲ್ಲಾ ಗಿರಣಿಗಿಂತ ಜೋರ ಓಡತೈತಿ. ಇಲ್ಲಿ ಕಲೀದಾಕಿ ಇನ್ನೆಲ್ಲಿ ಕಲೀತಾಳ್ರಿ?" ಎಂದೆ.

"ಅಕ್ಕಾರ, ನೀವು ನಡುವ ಬರಬ್ಯಾಡ್ರಿ. ಇದು ನಮ್ಮ ಮನಿ ಮಾತ" ಎಂದಳು ಅತ್ತೆ.

ಇವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕೂಸಿನ ಬಟ್ಟೆ ಗಂಟು ಕಟ್ಟುವುದನ್ನು ನೋಡಿಯೇ ತಿಳಿದುಕೊಂಡಳು. ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅತ್ತೆ ಬಾಯಾಡಿಸಿದಳು, ಭಾವ ಬಾಯಾಡಿಸಿದ. ಇವಳ ಕಣ್ಣು ಒಬ್ಬರಿಂದ ಒಬ್ಬರಿಗೆ ಹಾರುತ್ತಿತ್ತು. ಕೂಸನ್ನು ಹಿಡಿದುಕೊಂಡಿದ್ದರಿಂದ ಅವಳ ಎರಡೂ ಕೈ ತುಂಬಿದ್ದವು. ಒಂದು ಮಾತು ಆಡುವ ಹಾಗಿಲ್ಲ. ಗಂಡನ ಕಡೆ ನೋಡಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತವನು, ತನ್ನ ತಾಯಿಯ ಮುಖ ನೋಡಿ ಹೂಂ ಎಂದು ತಲೆಯಾಡಿಸಿದ. ಹುಟ್ಟಿದಂದಿನಿಂದ ಕೈಯಾಡಿಸಬೇಡ, ನಾಚಿಕೆ, ನಾಚಿಕೆ ಎಂದು ತಿವಿಸಿಕೊಂಡು ಬೆಳೆದವನು ಅವನು. ಅವನಿಗೂ ಅದು ನಿಜವೇ ಅನಿಸಿತ್ತು.

ಆ ತಲೆಯಾಟ ಕಂಡದ್ದೇ ಅವಳಿಗೆ ತಡೆಯಲಾಗಲಿಲ್ಲ. ಅವನಿಗೆ ಬೈಯಬೇಕಿತ್ತು. ಬೈಯಲು ಕೈ ಬೇಕಿತ್ತು. ಕೂಸನ್ನು ಮಂಚದ ಮೇಲೆ ಕೂರಿಸಿ ಅವನತ್ತ ತಿರುಗಿದಳು. ಎಂಥ ಮಾತು ಆಡಿದಳು! ನೀನು ಗಂಡಸೇ, ನಿನ್ನ ಮಗಳಿಗೆ ನೀನೇ ಹೇಸುತ್ತೀಯಾ, ಹೀಗಾದರೆ ನನ್ನನ್ನೇಕೆ ಕಟ್ಟಿಕೊಂಡೆ. ಅವಳ ಕೈ ಅಷ್ಟು ವೇಗವಾಗಿ ಆಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ನಂತರವೂ ಕಾಣಲಿಲ್ಲ. ಹಿಂದೆ ಅತ್ತೆ ಕೂಸನ್ನೆತ್ತಿಕೊಂಡು ಹೊರಬಿದ್ದಳು. ಕೂಸು ಅತ್ತಿತು, ಅದು ತಾಯಿಗೆ ಕೇಳಿಸಲಿಲ್ಲ. ನಾನು ಚೀರಿ ಅವಳ ಭುಜ ಹಿಡಿದು ತಿರುಗಿಸುವಷ್ಟರಲ್ಲಿ ಹೊರಗಿದ್ದ ರಿಕ್ಷಾ ಹೋಗಿಬಿಟ್ಟಿತ್ತು. ಖಾಲಿ ಮಂಚ ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

"ಅವತ್ತ ನಾ ಮಾತಾಡಬಾರದಿತ್ತು." ಮುಂದೆ ಇಪ್ಪತ್ತು ವರ್ಷ ಅವಳು ಇದನ್ನು ಹೇಳುತ್ತಲೇ ಇದ್ದಳು. ಹೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಕೂಸು ಕಸಿದುಕೊಂಡವರು ಒಬ್ಬರೂ ತಮ್ಮ ಮಾತಿನ ಬಗ್ಗೆ ಹಾಗೆ ಅನ್ನಲಿಲ್ಲ.

ಮಾತು ಬರುವತನಕ ಎಂದಿದ್ದರು. ಮಾತು ಬಂತು, ಮಗಳು ಬರಲಿಲ್ಲ. ಮೊದಲು ಶಾಲೆಗೆ ಹಾಕಿದ್ದೇವೆ ಅಂದರು, ಆಮೇಲೆ ಅಜ್ಜಿಗೆ ಬಿಟ್ಟಿರಲಾಗುವುದಿಲ್ಲ ಅಂದರು. ಪೋಲೀಸ ಠಾಣೆಗೂ ಹೋದೆವು. "ಅಜ್ಜಿ ಮನ್ಯಾಗ ಕೂಸ ಐತಿ. ಅದರಾಗ ಗುನ್ಹಾ ಏನೈತ್ರಿ ಅಕ್ಕಾರ?" ಎಂದು ಚಹಾ ಕುಡಿಸಿ ಕಳಿಸಿದರು. ಅವಳು ಕುಪವಾಡದಲ್ಲಿ ಬೇದಾಣೆ, ಅಂದರೆ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗತೊಡಗಿದಳು. ರಜೆಯ ದಿನ ಒಂದು ಪುಡಿಕೆ ಬೇದಾಣೆ ಕಟ್ಟಿಕೊಂಡು ಖಂಡೇರಾಜುರಿಯ ಬಸ್ಸು ಹತ್ತುತ್ತಿದ್ದಳು. ದೂರದಿಂದಲೇ ಗದ್ದದ ಕೆಳಗೆ ಮುಷ್ಟಿ ತಟ್ಟಿ ಕರೆಯುವಳು. ಅಜ್ಜಿ ಹುಡುಗಿಯ ಮುಖವನ್ನು ಅತ್ತ ತಿರುಗಿಸುವಳು, "ನೋಡಬ್ಯಾಡ ಬಾಳಾ, ನೋಡಿದ್ರ ನಿಂಗೂ ಚಟಾ ಹತ್ತತೈತಿ." ಹುಡುಗಿ ಕೈ ಎತ್ತಿದರೆ ಅಲ್ಲೇ ಏಟು. ತಾಯಿಗೆ ಶಾಲೆಯಲ್ಲಿ ಬಿದ್ದದ್ದು ಮಗಳಿಗೆ ಮನೆಯಲ್ಲಿ ಬಿತ್ತು.

ಹುಡುಗಿ ಶಾಲೆಗೆ ಹೋಗತೊಡಗಿದ ಮೇಲೆ ಒಂದು ದಿನ, ಗೆಳತಿಯರ ನಡುವೆ ಇದ್ದವಳು ತಾಯಿಯ ಸನ್ನೆ ಕಂಡು ಗೋಡೆಯ ಮರೆಗೆ ಹೋದಳು. ಗೆಳತಿಯರು ನಕ್ಕಿದ್ದರು. ಅಂದಿನಿಂದ ಇವಳು ಮಗಳ ಮುಂದೆ ಕೈ ಎತ್ತಲಿಲ್ಲ, ಆ ಹೆಸರಿನಿಂದ ಕರೆಯಲೂ ಇಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತು, ಮಗಳು ಬೇದಾಣೆ ತಿನ್ನುವುದನ್ನು ನೋಡಿ ಬರುತ್ತಿದ್ದಳು. ಆ ಜಗಳಗಂಟಿ, ತಕ್ಕಡಿಯಲ್ಲಿ ಹುಳ ಇಟ್ಟವಳು! ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಸ್ಟೇಶನ್ನಿಗೆ ಬಂದರೆ ಮಾತ್ರ ಅವಳ ಕೈಗೆ ಮತ್ತೆ ಜೀವ ಬರುತ್ತಿತ್ತು. ಗದ್ದದ ಮುಷ್ಟಿ ಈಗ ಇಷ್ಟೆತ್ತರ ಆಗಿದ್ದಾಳೆ, ಗದ್ದದ ಮುಷ್ಟಿಗೆ ಹಲ್ಲು ಬಿದ್ದಿದೆ, ಪಾಸಾಗಿದ್ದಾಳೆ. ಹುಬ್ಬಳ್ಳಿಯವನಿಗೂ ಅವಳ ಹಲ್ಲಿನ ಸುದ್ದಿ ಗೊತ್ತಿತ್ತು.

ಮಾತು ಕಲಿಯಲೆಂದು ಒಯ್ದ ಹುಡುಗಿ ಮಾತಿನಲ್ಲೇ ಹೆಸರು ಮಾಡಿದಳು. ಸಾಂಗಲಿಯಲ್ಲಿ ಒಮ್ಮೆ ಶಾಲೆಗಳ ಭಾಷಣ ಸ್ಪರ್ಧೆ. ತಾಯಿತಂದೆ ಬರಬೇಕೆಂದು ಗುರುಗಳು ಹಟ ಹಿಡಿದರಂತೆ, ಅದಕ್ಕೆ ಕರೆ ಬಂತು. ನಾನೂ ಜೊತೆಗೆ ಹೋದೆ. ವಿಷಯ 'ತಾಯಿ'. ಹುಡುಗಿ ಮೈಕಿನ ಮುಂದೆ ನಿಂತು ಮರಾಠಿಯಲ್ಲಿ ಏನು ಮಾತಾಡಿದಳು! ತಾಯಿಯ ಜೋಗುಳ, ತಾಯಿಯ ಸವಿದನಿ, ಹೊಸ್ತಿಲಲ್ಲಿ ನಿಂತು ಊಟಕ್ಕೆ ಕರೆಯುವ ತಾಯಿಯ ಕೂಗು. ಜನ ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲಿ ಕೂತು ಕೈಯಲ್ಲಿ ಎಲ್ಲ ತಿಳಿಸುತ್ತಿದ್ದೆ. ಒಂದು ಮಾತನ್ನೂ ಬಿಡಲಿಲ್ಲ. ಅವಳು ನೋಡಿದಳು. ಆಮೇಲೆ ಕೇಳಿದಳು, "ಇದು ಯಾರ ಅವ್ವನ ಸುದ್ದಿ?"

ಅಷ್ಟರಲ್ಲಿ ಮೊದಲ ಬಹುಮಾನ ಮಗಳಿಗೇ ಬಂತು. ಇವಳು ಎಲ್ಲ ಮರೆತು ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ತಿರುವಿದಳು. ಕಿವುಡರ ಚಪ್ಪಾಳೆ ಹಾಗೆಯೇ. ಅತ್ತೆ ಆ ಕೈಗಳನ್ನು ಹಿಡಿದು ಕೆಳಗೆ ಜಗ್ಗಿದಳು. "ಇಳಸು ಕೈ! ಮಂದಿ ನೋಡಾಕತ್ತಾರ" ಎಂದು ಕಿವುಡಿಗೆ ಪಿಸುಗುಟ್ಟಿದಳು.

ಈಗ ಆ ಹುಡುಗಿ ಸಾಂಗಲಿಯಲ್ಲಿ ಮದುವೆ, ಸತ್ಕಾರ, ಸಭೆಗಳಲ್ಲಿ ನಿರೂಪಣೆ ಮಾಡುತ್ತಾಳೆ. ಅವಳ ದನಿಗೆ ಬೇಡಿಕೆಯಿದೆ. ಕೆಟ್ಟವಳಲ್ಲ. ತಾಯಿಯ ಮೊಬೈಲಿಗೆ ದಿನಾ ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದಳು. ಅದೇ ಮೊಬೈಲಿನಲ್ಲಿ ಇವಳು ಬೆಳಗಾವಿಯ ಗೆಳತಿಯರೊಡನೆ ತಾಸುಗಟ್ಟಲೆ ವಿಡಿಯೋ ಹಚ್ಚಿ ಜಗಳಾಡುವಳು. ಮಗಳಿಗೆ ಮಾತ್ರ ವಿಡಿಯೋ ಹಚ್ಚುತ್ತಿರಲಿಲ್ಲ. "ಹಚ್ಚು" ಎಂದರೆ, "ಹಚ್ಚಿ? ಮಾರಿ ನೋಡಕೊಂಡ ಕುಂದರೂದ?" ಎನ್ನುವಳು. ಹೊಟ್ಟೆಯಲ್ಲಿ ಗಡ್ಡೆಯಾಗಿ ಹಾಸಿಗೆ ಹಿಡಿದಾಗಲೂ ಮಗಳು ಬಂದು ಪಕ್ಕದಲ್ಲಿ ಕೂತು, ಹಣೆ ಸವರಿ, ಅತ್ತು ಹೋದಳು. ಮಗಳು ಹೋದ ಮೇಲೆ ಇವಳು ಸೆರಗಿನಿಂದ ಕೈ ಹೊರತೆಗೆದು, ಖಾಲಿ ಬಾಗಿಲಿನ ಕಡೆ ಗದ್ದದ ಕೆಳಗೆ ಮುಷ್ಟಿ ತಟ್ಟಿದಳು.

ತೀರಿಕೊಂಡ ದಿನ ನಮ್ಮ ಅಂಗಳ ತುಂಬಿತ್ತು. ರೈಲು ಹಿಡಿದು ಎಲ್ಲ ಕಡೆಯಿಂದ ಬಂದಿದ್ದರು. ಬೆಳಗಾವಿಯ ಮುದುಕಿಯನ್ನೂ ಇಬ್ಬರು ಹಿಡಿದು ಕರೆತಂದಿದ್ದರು. ಒಬ್ಬೊಬ್ಬರೂ ಹೆಣದ ಮುಂದೆ ನಿಂತು ಎಡಹುಬ್ಬಿನ ಮೇಲೆ ಬೆರಳು ಗೀರಿ, ಅವಳನ್ನು ಕೊನೆಯ ಸಲ ಕರೆದು, ಏನೇನೋ ಹೇಳುತ್ತಿದ್ದರು. ಭಾವ ನನ್ನ ಹತ್ತಿರ ಬಂದು, "ಅಕ್ಕಾರ, ಈ ಮಂದಿಗೆ ಸ್ವಲ್ಪ ಕೈ ಕೆಳಗ ಇಟ್ಟ ಕುಂದರಾಕ ಹೇಳ್ರಿ. ಬೀಗರು ಬಂದಾರ, ಛಂದ ಕಾಣಂಗಿಲ್ಲ" ಎಂದ. ಸಾವಿನ ಮನೆಯೆಂದು ಅವನನ್ನು ಬೈಯದೆ ಬಿಟ್ಟೆ. ಅವರಿಗೆ ಹೇಳಲಂತೂ ಇಲ್ಲ.

ಮಗಳು ತಾಯಿಯ ಕಾಲ ಬಳಿ ಕೂತು ಜೋರಾಗಿ ಅಳುತ್ತಿದ್ದಳು. ನಾನು ಹತ್ತಿರ ಹೋದದ್ದೇ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು.

"ಮಾವಶಿ, ಮಂದಿ ಅವ್ವಗೋಳೆಲ್ಲಾ ಮಕ್ಕಳನ್ನ ಹೆಸರ ಹಿಡದ ಕರೀತಾರ. ನನ್ನ ಅವ್ವ ಒಂದ ಸಲಾನೂ ನನ್ನ ಕರೀಲಿಲ್ರಿ. ನನಗ ಅದಽ ಒಂದ ಕೊರಗ ಉಳೀತು."

ಹೇಳಬೇಕೆಂದರೆ ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಬಾಯಿಯೇ ನನ್ನ ಹೆಸರು. ಆದರೆ ಮಾತು ಸಾಕಾಗಿತ್ತು ನನಗೆ. ಸೀರೆ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅವಳು ತಲೆಯೆತ್ತಿ ನೋಡಿದಾಗ ನನ್ನ ಮುಷ್ಟಿಯನ್ನು ಗದ್ದದ ಕೆಳಗೆ ಒಯ್ದು ಎರಡು ಸಲ ತಟ್ಟಿದೆ.

ಅಂಗಳದಲ್ಲಿದ್ದ ಕಿವುಡರೆಲ್ಲ ಒಮ್ಮೆಗೇ ತಿರುಗಿ ಅವಳನ್ನು ನೋಡಿದರು.

ಅವಳು, ನಾನು ಯಾರನ್ನು ಕರೆಯುತ್ತಿದ್ದೇನೆಂದು, ತನ್ನ ಹಿಂದೆ ತಿರುಗಿ ನೋಡಿದಳು.